ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್: ಕಲಿಯಬೇಕೇ, ಎಷ್ಟು ಕಲಿಯಬೇಕು?

ಮಾಹಿತಿಯನ್ನೂ ಅದನ್ನು ಬದಲಿಸುವ ಸೂಚನೆಗಳನ್ನೂ ಒಂದೇ ಘಟಕದಲ್ಲಿ ಕೂಡಿಸಿಡುವ ಕ್ರಮವೇ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಆ ಘಟಕ ಆಬ್ಜೆಕ್ಟ್. ಅದರ ರಚನೆಯನ್ನು ವಿವರಿಸುವ ಬರಹ ಕ್ಲಾಸ್. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಓಸ್ಲೋದಲ್ಲಿ ರೂಪಿಸಿದ ಸಿಮುಲಾ ಭಾಷೆಯಲ್ಲಿ ಇದರ ಬೇರುಗಳಿವೆ. ಮುಂದೆ ಸ್ಮಾಲ್‌ಟಾಕ್ ಮತ್ತು ಸಿ++ ಇದನ್ನು ಬೆಳೆಸಿದವು. 1995ರಲ್ಲಿ ಬಂದ ಜಾವಾ ಇದನ್ನು ಮನೆಮಾತಾಗಿಸಿತು.

ಬ್ಯಾಂಕಿನ ಉಳಿತಾಯ ಖಾತೆಗಳ ತಂತ್ರಾಂಶವನ್ನು ತೆಗೆದುಕೊಂಡರೆ ಇದರ ಪ್ರಯೋಜನ ತಿಳಿಯುತ್ತದೆ. ಖಾತೆಯ ಶಿಲ್ಕನ್ನು ಪ್ರೋಗ್ರಾಮಿನ ಯಾವ ಭಾಗ ಬೇಕಾದರೂ ತಿದ್ದಬಹುದಾದರೆ, ಲೆಕ್ಕ ತಪ್ಪಿದ ದಿನ ಸಾವಿರಾರು ಸಾಲುಗಳನ್ನು ಜಾಲಾಡಬೇಕು. ಖಾತೆಗೆ ಒಂದು ಕ್ಲಾಸ್ ಬರೆದು, ಜಮಾ ಮತ್ತು ಹಿಂಪಡೆತದ ಮೆಥಡ್‌ಗಳ, ಅಂದರೆ ಕ್ಲಾಸಿನೊಳಗಿನ ಸೂಚನೆಗಳ, ಮೂಲಕ ಮಾತ್ರ ಶಿಲ್ಕು ಬದಲಾಗುವಂತೆ ಮಾಡಿದರೆ ಹುಡುಕಬೇಕಾದ ಜಾಗ ಒಂದೇ. ಇರುವುದಕ್ಕಿಂತ ಹೆಚ್ಚು ಹಣ ತೆಗೆಯುವಂತಿಲ್ಲ ಎಂಬ ನಿಯಮವನ್ನೂ ಅಲ್ಲೇ ಒಮ್ಮೆ ಬರೆದರೆ ಸಾಕು. ಎನ್‌ಕ್ಯಾಪ್ಸುಲೇಷನ್ ಎನ್ನುವುದು ಇದಕ್ಕೇ. ಹತ್ತಾರು ಜನ ಸೇರಿ ವರ್ಷಗಟ್ಟಲೆ ತಿದ್ದುವ ತಂತ್ರಾಂಶದಲ್ಲಿ ಇದರ ಬೆಲೆ ದೊಡ್ಡದು. ಕಲಿಕೆಯ ಶ್ರಮ ನಿಜಕ್ಕೂ ಸಾರ್ಥಕವಾಗುವುದು ಇಲ್ಲಿ.

ಚಿಕ್ಕ ಕೆಲಸಗಳಲ್ಲಿ ಹಾಗಲ್ಲ: ಅಂಗಡಿಯ ತಿಂಗಳ ಮಾರಾಟವನ್ನು ಕೂಡಿಸಿ ತೋರಿಸುವ ನೂರು ಸಾಲಿನ ಪೈಥಾನ್ ಪ್ರೋಗ್ರಾಮಿಗೆ ಕ್ಲಾಸ್ ಬೇಕಿಲ್ಲ, ಫಂಕ್ಷನ್‌ಗಳೇ ಸಾಕು. ಆದರೆ ಪೈಥಾನಿನಲ್ಲಿ ಪಟ್ಟಿಯೂ ಆಬ್ಜೆಕ್ಟ್, ಪದವೂ ಆಬ್ಜೆಕ್ಟ್. ಹೆಸರಿನ ಮುಂದೆ ಚುಕ್ಕಿಯಿಟ್ಟು ಮೆಥಡ್ ಕರೆಯುವುದು ಮೊದಲ ವಾರದಲ್ಲೇ ಎದುರಾಗುತ್ತದೆ. ಹಾಗಾಗಿ ಸ್ವತಃ ಕ್ಲಾಸ್ ಬರೆಯದವರಿಗೂ ಅದನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ತಿಳಿವಳಿಕೆ ಬೇಕು. ಜಾವಾ, ಕಾಟ್ಲಿನ್‌ಗಳಲ್ಲಿ ಆಂಡ್ರಾಯ್ಡ್ ಆ್ಯಪ್ ಮಾಡುವವರಿಗೆ, ಯುನಿಟಿ ಗೇಮ್ ಎಂಜಿನ್‌ನಲ್ಲಿ ಆಟ ಕಟ್ಟುವವರಿಗೆ ಆಯ್ಕೆಯೇ ಇಲ್ಲ, ಕಲಿಯಲೇಬೇಕು.

ಕಲಿಯುವವರು ಹೆಚ್ಚು ಬಳಲುವುದು ಇನ್‌ಹೆರಿಟೆನ್ಸ್‌ನಲ್ಲಿ, ಅಂದರೆ ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಪಡೆಯುವ ಏರ್ಪಾಟಿನಲ್ಲಿ. ಪ್ರಾಣಿ, ನಾಯಿ, ಬೆಕ್ಕುಗಳ ಉದಾಹರಣೆ ಕೊಡುವ ಪಠ್ಯಪುಸ್ತಕಗಳು ಇದಕ್ಕೆ ಅತಿಯಾದ ಪ್ರಾಮುಖ್ಯ ಕೊಟ್ಟಿವೆ. ಪದರಗಳು ಹೆಚ್ಚಿದಂತೆ ಮೇಲಿನ ಕ್ಲಾಸಿನ ಸಣ್ಣ ಬದಲಾವಣೆಯೂ ಕೆಳಗಿನವುಗಳನ್ನು ಕೆಡಿಸಬಲ್ಲದು. ಇನ್‌ಹೆರಿಟೆನ್ಸ್‌ಗಿಂತ ಆಬ್ಜೆಕ್ಟ್‌ಗಳ ಜೋಡಣೆಗೆ ಆದ್ಯತೆ ಕೊಡಿ ಎಂದು 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕವೇ ಹೇಳಿತ್ತು. 2009ರಲ್ಲಿ ಗೂಗಲ್ ಪ್ರಕಟಿಸಿದ ಗೋ ಭಾಷೆಯಲ್ಲಿ ಕ್ಲಾಸೂ ಇಲ್ಲ, ಇನ್‌ಹೆರಿಟೆನ್ಸೂ ಇಲ್ಲ; ಆದರೂ ಮೆಥಡ್‌ಗಳು ಉಳಿದಿವೆ.

ಆದ್ದರಿಂದ ಫಂಕ್ಷನ್‌ಗಳು ಕೈಗೆ ಹತ್ತಿದ ಮೇಲೆ ಕ್ಲಾಸ್, ಆಬ್ಜೆಕ್ಟ್, ಎನ್‌ಕ್ಯಾಪ್ಸುಲೇಷನ್‌ಗಳನ್ನು ಕಲಿಯುವುದು ಒಳ್ಳೆಯದು. ಇನ್‌ಹೆರಿಟೆನ್ಸ್‌ನ ಆಳ ಮತ್ತು ಡಿಸೈನ್ ಪ್ಯಾಟರ್ನ್‌ಗಳನ್ನು (ಪದೇ ಪದೇ ಎದುರಾಗುವ ಸಮಸ್ಯೆಗಳಿಗೆ ಸಿದ್ಧ ವಿನ್ಯಾಸಗಳನ್ನು) ದೊಡ್ಡ ತಂತ್ರಾಂಶವೊಂದರ ಕೆಲಸ ಕೈಗೆ ಬರುವವರೆಗೆ ಬದಿಗಿಡಬಹುದು.