ಅಂಡಮಾನಿಗೆ ಹೊರಟವರು ತಂಗುವುದೆಲ್ಲಿ?

ಚಳಿಗಾಲ ಸಮೀಪಿಸಿ ದೆಹಲಿಯ ಆಕಾಶ ಮಸುಕಾಗತೊಡಗಿದೊಡನೆ ನಮ್ಮ ಕನ್ನಡ ಕುಟುಂಬಗಳಲ್ಲಿ ಅಂಡಮಾನಿನ ಮಾತು ಪ್ರಾರಂಭವಾಗುತ್ತದೆ. ಇದಕ್ಕೆ ಕಡಲಿನ ಆಕರ್ಷಣೆಯೊಂದೇ ಕಾರಣವಲ್ಲ. ಕೇಂದ್ರ ಸರ್ಕಾರಿ ನೌಕರರು ಸ್ವಂತ ಊರಿಗೆ ಹೋಗುವ ಎಲ್‌ಟಿಸಿಯೊಂದನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಅಂಡಮಾನಿಗೆ ಹೋಗಿಬರುವ ಅವಕಾಶವನ್ನು ಸರ್ಕಾರ ಕಲ್ಪಿಸಿತು. 2024ರಲ್ಲಿ ಅದನ್ನು 2026ರ ಸೆಪ್ಟೆಂಬರ್ 25ರವರೆಗೆ ವಿಸ್ತರಿಸಲಾಯಿತು. ಎಂದರೆ ಹಾಸನಕ್ಕೋ ಧಾರವಾಡಕ್ಕೋ ಹೋಗಬೇಕಾಗಿದ್ದ ಪ್ರಯಾಣವನ್ನು ತೆತ್ತು ಕೊಳ್ಳುವ ಪ್ರವಾಸವಿದು. ಊರಿನಲ್ಲಿರುವ ಹಿರಿಯರಿಗೆ ಇದರಿಂದ ಬೇಸರವಾಗದಿರಲೆಂದು ಅನೇಕರು ಅವರನ್ನು ಬೆಂಗಳೂರಿನಿಂದ ವಿಮಾನ ಹತ್ತಿಸಿ, ತಾವು ದೆಹಲಿಯಿಂದ ಹೊರಟು, ಪೋರ್ಟ್ ಬ್ಲೇರ್‌ನಲ್ಲಿ ಒಂದುಗೂಡುತ್ತಾರೆ. ಮೊಮ್ಮಕ್ಕಳು ಮತ್ತು ಅಜ್ಜ ಅಜ್ಜಿ ಜೊತೆಯಾಗಿ ಕಳೆಯುವ ಈ ಐದಾರು ರಾತ್ರಿಗಳಲ್ಲಿ ಎಲ್ಲಿ ತಂಗಬೇಕೆಂಬುದು ಕೇವಲ ಹೋಟೆಲಿನ ಪ್ರಶ್ನೆಯಲ್ಲ.

ನಾವು ಮೊದಲ ಬಾರಿ ಹೋದಾಗ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡೆವು. ಚಿತ್ರಗಳಲ್ಲಿ ಕಂಡ ನೀಲಿ ನೀರಿಗೆ ಮರುಳಾಗಿ ಐದೂ ರಾತ್ರಿಗಳನ್ನು ಹ್ಯಾವ್‌ಲಾಕಿನಲ್ಲೇ ಕಾದಿರಿಸಿದೆವು. ಐದನೆಯ ದಿನ ಕಡಲು ಕೆರಳಿತು, ಹಡಗುಗಳು ನಿಂತವು, ಮರುದಿನದ ವಿಮಾನ ನಮ್ಮನ್ನು ಬಿಟ್ಟು ಹೋಯಿತು. ಟಿಕೆಟ್ಟಿನ ಹಣ ಹೋದದ್ದಕ್ಕಿಂತ ಹೆಚ್ಚಿನ ಆತಂಕ ಬೇರೆಯಿತ್ತು. ಶಿವಮೊಗ್ಗದಿಂದ ಬಂದಿದ್ದ ಮಾವನವರು ರಕ್ತದೊತ್ತಡದ ಮಾತ್ರೆಗಳನ್ನು ದಿನ ಲೆಕ್ಕ ಹಾಕಿ ತಂದಿದ್ದರು. ಆ ಎರಡು ದಿನ ನಾವು ನೋಡಿದ್ದು ಕಡಲನ್ನಲ್ಲ, ಬರಿದಾಗುತ್ತಿದ್ದ ಮಾತ್ರೆಯ ಹಾಳೆಯನ್ನು. ಮುಂದಿನ ಸಲ ಹೋದಾಗ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತೆವು. ಈ ಬರಹ ಆ ಅಭ್ಯಾಸದ ಫಲ.

ಅಂಡಮಾನ್ ಮತ್ತು ನಿಕೋಬಾರ್ ಸಮೂಹದಲ್ಲಿ ಐನೂರಕ್ಕೂ ಹೆಚ್ಚು ದ್ವೀಪಗಳಿದ್ದರೂ ಸಂಸಾರಸ್ಥರ ಆಯ್ಕೆ ಸಾಮಾನ್ಯವಾಗಿ ಮೂರು ಸ್ಥಳಗಳಿಗೆ ಸೀಮಿತ: ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್. ಈ ಮೂರಕ್ಕೂ ಈಗ ಬೇರೆ ಹೆಸರುಗಳಿವೆ. 1943ರಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರು ಈ ದ್ವೀಪಸಮೂಹಗಳಿಗೆ ಶಹೀದ್ ಮತ್ತು ಸ್ವರಾಜ್ ಎಂಬ ಹೆಸರುಗಳನ್ನಿಟ್ಟಿದ್ದರು. ಅದರ ನೆನಪಿಗಾಗಿ 2018ರ ಡಿಸೆಂಬರ್ 30ರಂದು ಹ್ಯಾವ್‌ಲಾಕಿಗೆ ಸ್ವರಾಜ್ ದ್ವೀಪವೆಂದೂ ನೀಲ್‌ಗೆ ಶಹೀದ್ ದ್ವೀಪವೆಂದೂ ನಾಮಕರಣವಾಯಿತು. 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟುಗಳಲ್ಲಿ ಹಳೆಯದು, ಹೊಸದು ಯಾವುದಾದರೂ ಇರಬಹುದು, ಗಾಬರಿಪಡಬೇಕಾಗಿಲ್ಲ.

ಪೋರ್ಟ್ ಬ್ಲೇರ್ ಎಂದೊಡನೆ ಹಲವರು ಮೂಗು ಮುರಿಯುತ್ತಾರೆ. ಅದು ಪಟ್ಟಣ, ಅಲ್ಲಿ ಚಿತ್ರದಂತಹ ಕಡಲತೀರವಿಲ್ಲ ಎಂಬುದು ನಿಜ. ಆದರೆ ಸೆಲ್ಯುಲರ್ ಜೈಲು ಇರುವುದು ಅಲ್ಲಿ. 1906ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಏಳು ಅಂಕಣಗಳಲ್ಲಿ ಮೂರು ಉಳಿದಿವೆ. ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮವನ್ನು ಮಕ್ಕಳಿಗೆ ತೋರಿಸದೆ ಬರುವುದು ಸರಿಯಲ್ಲ. ಜೈಲಿನ ಮಗ್ಗುಲಲ್ಲೇ ದ್ವೀಪಗಳ ದೊಡ್ಡ ಆಸ್ಪತ್ರೆಯಾದ ಜಿ.ಬಿ. ಪಂತ್ ಆಸ್ಪತ್ರೆಯಿದೆ. ಹಿರಿಯರ ಜೊತೆ ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ಇತರ ದ್ವೀಪಗಳಲ್ಲಿ ಪ್ರಾಥಮಿಕ ಚಿಕಿತ್ಸೆ ದೊರೆತರೂ ಅದಕ್ಕಿಂತ ಹೆಚ್ಚಿನದಕ್ಕೆ ಕಡಲು ದಾಟಿ ಇಲ್ಲಿಗೇ ಬರಬೇಕು. ಊರೊಳಗೆ ತಂಗುವುದಾದರೆ ಅಬರ್ಡೀನ್ ಬಜಾರಿನ ಸುತ್ತಮುತ್ತ ಅನುಕೂಲ: ಜೈಲು ಹತ್ತಿರ, ಔಷಧದ ಅಂಗಡಿಗಳು ಹತ್ತಿರ. ತಮಿಳರು ಬಹಳ ಕಾಲದಿಂದ ನೆಲೆಸಿರುವ ಊರಾದ್ದರಿಂದ ಬೆಳಗಿನ ಇಡ್ಲಿ ದೋಸೆಗೆ ಕೊರತೆಯಿಲ್ಲ, ಶುದ್ಧ ಸಸ್ಯಾಹಾರಿಗಳೂ ನಿಶ್ಚಿಂತೆಯಿಂದಿರಬಹುದು. ಕಿಟಕಿಯಿಂದ ಕಡಲು ಕಾಣಲೇಬೇಕೆನ್ನುವವರಿಗೆ ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕಾರ್ಬಿನ್ಸ್ ಕೋವ್ ಇದೆ.

ಇಲ್ಲಿಂದ ಬಾರಾಟಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆಗಳಿಗೆ ಒಂದು ದಿನದಲ್ಲಿ ಹೋಗಿಬರುವ ಯಾತ್ರೆಯನ್ನು ಎಲ್ಲರೂ ಮಾರುತ್ತಾರೆ. ಸೂರ್ಯೋದಯಕ್ಕೆ ಬಹಳ ಮುಂಚೆಯೇ ಎದ್ದು, ಜಾರವಾ ಜನರ ಮೀಸಲು ಅರಣ್ಯದ ನಡುವೆ ವಾಹನಗಳ ಸಾಲಿನಲ್ಲಿ ಸಾಗಬೇಕು; ದಾರಿಯಲ್ಲಿ ನಿಲ್ಲುವುದಾಗಲಿ ಛಾಯಾಚಿತ್ರ ತೆಗೆಯುವುದಾಗಲಿ ಅಪರಾಧ. ಚಿಕ್ಕ ಮಕ್ಕಳೂ ಮಂಡಿನೋವಿನವರೂ ಇರುವ ಕುಟುಂಬ ಇದನ್ನು ಬಿಡುವುದೇ ಒಳಿತೆಂದು ನಮ್ಮ ಅಭಿಪ್ರಾಯ. ಮನುಷ್ಯರನ್ನು ಕಿಟಕಿಯಿಂದ ಇಣುಕಿ ನೋಡುವ ಆಸೆಯಿಂದ ಹೋಗುವವರಂತೂ ಹೋಗದಿರಲಿ.

ಇನ್ನು ಹ್ಯಾವ್‌ಲಾಕ್. ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿ.ಮೀ. ದೂರ, ಖಾಸಗಿ ಹಡಗಿಗೆ ಒಂದೂವರೆ ಗಂಟೆ, ಸರ್ಕಾರಿ ಹಡಗಿಗೆ ಎರಡೂವರೆ ಗಂಟೆಯ ಹಾದಿ. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ನೆಲೆಗೊಳಿಸಿದ ದ್ವೀಪವಿದು. ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂಬ ಊರುಗಳ ಹೆಸರುಗಳೇ ಆ ಕಥೆಯನ್ನು ಹೇಳುತ್ತವೆ. ವಿಜಯನಗರವೆಂಬ ಹೆಸರು ಕಂಡು ನಮ್ಮ ಮಾವನವರು ಕ್ಷಣಕಾಲ ಹಂಪೆಯನ್ನು ನೆನೆದರು!

ಈ ದ್ವೀಪದಲ್ಲಿ ಪೂರ್ವ ಮತ್ತು ಪಶ್ಚಿಮ ದಡಗಳ ವ್ಯತ್ಯಾಸವನ್ನು ತಿಳಿಯದೆ ಕೊಠಡಿ ಕಾದಿರಿಸಬಾರದು. ಹೆಚ್ಚಿನ ವಸತಿಗೃಹಗಳು, ಅಂಗಡಿಗಳು, ಮುಳುಗುವಿದ್ಯೆ ಕಲಿಸುವ ಕೇಂದ್ರಗಳು ಪೂರ್ವದ ದಡದಲ್ಲಿ, ಗೋವಿಂದನಗರ ಮತ್ತು ವಿಜಯನಗರಗಳಲ್ಲಿವೆ. ಮಲ್ಪೆಯವರು ದಕ್ಕೆ ಎನ್ನುವ ಜೆಟ್ಟಿಯೂ ಸಮೀಪ. ಸೂರ್ಯೋದಯ ಕೊಠಡಿಯ ಬಾಗಿಲಿಗೇ ಬರುತ್ತದೆ. ಆದರೆ ಕಡಲು ಇಳಿದಾಗ ನೀರು ಬಹುದೂರ ಹಿಂದೆ ಸರಿದು ಕಲ್ಲು, ಸತ್ತ ಹವಳದ ಚೂರುಗಳು ಮೇಲೇಳುತ್ತವೆ. ಆಗ ಈಜುವುದಿರಲಿ, ಬರಿಗಾಲಿನಲ್ಲಿ ನಡೆಯುವುದೂ ಕಷ್ಟ. ಚಿತ್ರಗಳನ್ನು ತೆಗೆಯುವುದು ಉಬ್ಬರದ ಹೊತ್ತಿನಲ್ಲಿ; ನೀವು ತಲುಪುವುದು ಇಳಿತದ ಹೊತ್ತಿನಲ್ಲಾದರೆ ಮೋಸಹೋದೆವೆಂದು ಅನ್ನಿಸುವುದು ಸಹಜ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಅತ್ಯಧಿಕ, ಅಷ್ಟಮಿಯ ಹೊತ್ತಿಗೆ ಕಡಿಮೆ. ಆದ್ದರಿಂದ ಮನೆಯ ಗೋಡೆಯ ಮೇಲಿನ ಪಂಚಾಂಗವನ್ನು ನೋಡಿ ದಿನಾಂಕ ನಿಶ್ಚಯಿಸುವುದರಲ್ಲಿ ಈ ಒಂದು ವಿಷಯದಲ್ಲಾದರೂ ಅರ್ಥವಿದೆ.

ಪಶ್ಚಿಮದ ರಾಧಾನಗರ ಬೇರೆಯೇ ಲೋಕ. ನುಣುಪಾದ ಬಿಳಿಯ ಮರಳು, ಹಿಂದೆ ಎತ್ತರದ ಮರಗಳು, ಎದುರಿಗೆ ಸೂರ್ಯಾಸ್ತ. ಇಳಿತದಲ್ಲೂ ಸ್ನಾನಕ್ಕೆ ತೊಂದರೆಯಿಲ್ಲ. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಾಗ ನಮ್ಮ ಪಡುಬಿದ್ರಿ ಮತ್ತು ಕಾಸರಕೋಡುಗಳ ಜೊತೆ ಇದೂ ಇತ್ತು. ಆದರೆ ಅಲ್ಲಿ ವಸತಿಗೃಹಗಳು ಕೆಲವೇ, ಬೆಲೆಯೂ ಹೆಚ್ಚು. ಪೂರ್ವದ ದಡದಿಂದ ಬರುವವರಿಗೆ ಹತ್ತು-ಹನ್ನೆರಡು ಕಿಲೋಮೀಟರ್ ಟ್ಯಾಕ್ಸಿಯ ಪ್ರಯಾಣ. ಪೂರ್ವದಲ್ಲಿ ತಂಗಿ ಎರಡು ಮಧ್ಯಾಹ್ನಗಳನ್ನು ರಾಧಾನಗರಕ್ಕೆ ಮೀಸಲಿಡುವುದು ಮಧ್ಯಮ ಮಾರ್ಗ. ಒಂದು ಎಚ್ಚರಿಕೆ: 2010ರಲ್ಲಿ ರಾಧಾನಗರದ ಸಮೀಪ ಅಮೆರಿಕದ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕಗಳನ್ನು ಅಲಂಕಾರಕ್ಕೆ ಹಾಕಿಲ್ಲ.

ನೀಲ್ ಅತಿ ಚಿಕ್ಕದು, ಶಾಂತ. ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ ಎಂದು ರಾಮಾಯಣವೇ ಅಲ್ಲಿ ಊರುಗಳಾಗಿ ಹರಡಿದೆ. ತರಕಾರಿ ಬೆಳೆಯುವ ದ್ವೀಪವಾದ್ದರಿಂದ ಊಟ ರುಚಿಕರ. ಭರತಪುರದ ತೀರ ಜೆಟ್ಟಿಯ ಮಗ್ಗುಲಲ್ಲೇ ಇದೆ. ಹೆಚ್ಚು ನಡೆಯಲಾರದ ಹಿರಿಯರಿಗೆ ನಾವು ಅದನ್ನೇ ಸೂಚಿಸುತ್ತೇವೆ. ಲಕ್ಷ್ಮಣಪುರದ ಸಹಜ ಶಿಲಾಸೇತುವೆಗೆ ಮಾತ್ರ ಇಳಿತದಲ್ಲಿ, ಜಾರುವ ಬಂಡೆಗಳ ಮೇಲೆ ನಡೆದೇ ಹೋಗಬೇಕು. ಅಲ್ಲಿಗೆ ಮಕ್ಕಳು ಹೋಗಿಬರಲಿ, ಅಜ್ಜಿ ಎಳನೀರು ಕುಡಿಯುತ್ತಾ ಕಾಯಲಿ.

ಎಷ್ಟು ರಾತ್ರಿ ಎಲ್ಲೆಲ್ಲಿ? ಮೊದಲ ರಾತ್ರಿ ಪೋರ್ಟ್ ಬ್ಲೇರ್, ಅನಂತರ ಹ್ಯಾವ್‌ಲಾಕಿನಲ್ಲಿ ಎರಡು, ನೀಲ್‌ನಲ್ಲಿ ಒಂದು, ಮತ್ತೆ ಪೋರ್ಟ್ ಬ್ಲೇರ್. ಈ ಕೊನೆಯ ರಾತ್ರಿಯನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. 2016ರ ಡಿಸೆಂಬರಿನಲ್ಲಿ ಚಂಡಮಾರುತದ ವಾತಾವರಣದಿಂದಾಗಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್ ಮತ್ತು ನೀಲ್‌ಗಳಲ್ಲಿ ಸಿಕ್ಕಿಬಿದ್ದು, ನೌಕಾಪಡೆ ಮೊದಲಾದವರು ಅವರನ್ನು ಕರೆತರಬೇಕಾಯಿತು. ಹಿರಿಯರಿಗೆ ಎರಡು ದ್ವೀಪಗಳು ಹೆಚ್ಚೆನಿಸಿದರೆ ನೀಲ್ ಒಂದನ್ನೇ ಇಟ್ಟುಕೊಂಡು ಹ್ಯಾವ್‌ಲಾಕನ್ನು ಕೈಬಿಡಬಹುದು. ಜನರು ಏನೆನ್ನುವರೋ ಎಂಬ ಸಂಕೋಚ ಬೇಡ.

ದೆಹಲಿಯ ಶಾಲೆಗಳ ಬೇಸಿಗೆ ರಜೆ ಈ ಪ್ರವಾಸಕ್ಕೆ ಒಗ್ಗುವುದಿಲ್ಲ. ನೈರುತ್ಯ ಮುಂಗಾರು ದೇಶದಲ್ಲಿ ಮೊದಲು ಕಾಲಿಡುವುದೇ ಅಂಡಮಾನಿನಲ್ಲಿ, ಮೇ ತಿಂಗಳ ಮೂರನೆಯ ವಾರದ ವೇಳೆಗೆ. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಹೆಚ್ಚು ಶಾಂತ. ಗಡಿಯಾರದ ವಿಷಯವೂ ನೆನಪಿರಲಿ: ಆ ದ್ವೀಪಗಳು ದೆಹಲಿಗಿಂತ ಹದಿನೈದು ಡಿಗ್ರಿ ಪೂರ್ವಕ್ಕಿದ್ದರೂ ಅಲ್ಲಿಯದೂ ನಮ್ಮದೇ ಸಮಯ. ಹೀಗಾಗಿ ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮೂರರವರೆಗೆ ಮಲಗಿ ಎದ್ದು ರಾಧಾನಗರಕ್ಕೆ ಹೊರಟರೆ ಸೂರ್ಯಾಸ್ತ ಟ್ಯಾಕ್ಸಿಯ ಕಿಟಕಿಯಲ್ಲೇ ಮುಗಿದೀತು. ಮಾತ್ರೆಗಳನ್ನು ಒಂದು ವಾರದಷ್ಟು ಹೆಚ್ಚಾಗಿಯೇ ಕಟ್ಟಿಕೊಳ್ಳಿ, ಅದೂ ಕೈಚೀಲದಲ್ಲಿ.