ಕಸದ ಬಿಲ್ಲು ಯಾರ ಹೆಸರಿಗೆ?

ನಿಮ್ಮ ಮನೆಯ ಕಸ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದರೂ ಕೇಳಿದ್ದೀರಾ? ಬೆಳಿಗ್ಗೆ ಬಾಗಿಲಿಗೆ ಬಂದವನು ಬಕೆಟ್ ಖಾಲಿ ಮಾಡಿಕೊಂಡು ಹೋದರೆ ನಮ್ಮ ಪಾಲಿಗೆ ಅಲ್ಲಿಗೆ ಕಥೆ ಮುಗೀತು. ಮುಂಬೈಯ ಗೋವಂಡಿಯಲ್ಲಿ, ರಫೀಕ್ ನಗರದಲ್ಲೋ ಬೈಗನ್‌ವಾಡಿಯಲ್ಲೋ ನಿಮ್ಮ ಪರಿಚಯದವರಿದ್ದರೆ, ಆ ಕಥೆ ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ಗೊತ್ತಿರುತ್ತದೆ. ದೇವನಾರ್ ಡಂಪಿಂಗ್ ಗ್ರೌಂಡ್ 1927ರಿಂದ ಅವರ ಪಕ್ಕದಲ್ಲೇ ಇದೆ. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು ಹೊಗೆ ದಿನಗಟ್ಟಲೆ ನಿಂತಾಗಷ್ಟೇ ಉಳಿದ ಮುಂಬೈಗೆ ಅದರ ನೆನಪಾಯಿತು. ಈಗ ನಗರದ ಹೆಚ್ಚಿನ ಕಸ ಕಾಂಜೂರ್‌ಮಾರ್ಗಕ್ಕೆ ಹೋಗುತ್ತದೆ. ಹಳೆಯ ಗುಡ್ಡ ಮಾತ್ರ ಅಲ್ಲೇ ಇದೆ.

2025ರ ಏಪ್ರಿಲ್‌ನಲ್ಲಿ ಮುಂಬೈ ಮಹಾನಗರ ಪಾಲಿಕೆ ಕಸದ ಶುಲ್ಕದ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. 50 ಚದರ ಮೀಟರ್‌ವರೆಗಿನ ಮನೆಗೆ ತಿಂಗಳಿಗೆ 100 ರೂಪಾಯಿ, 300ರವರೆಗೆ 500, ಅದಕ್ಕಿಂತ ದೊಡ್ಡದಕ್ಕೆ 1,000. ಕೂಡಲೇ ಎದ್ದ ಮಾತು ಒಂದೇ: ಟ್ಯಾಕ್ಸ್ ಕೊಡ್ತೀವಲ್ಲ, ಇದೊಂದು ಬೇರೆ ಯಾಕೆ? ಕೇಳುವುದು ತಪ್ಪಲ್ಲ. ಆದರೆ ಖರ್ಚು ಲಾರಿ, ಡೀಸೆಲ್‌ಗೆ ಮುಗಿಯುವುದಿಲ್ಲ. ಕಸದಿಂದ ಸೋರುವ ವಿಷನೀರು ನೆಲಕ್ಕೆ ಇಳಿಯದಂತೆ ತಳಕ್ಕೆ ಹಾಸು ಬೇಕು, ಒಳಗೆ ಹುಟ್ಟುವ ಮೀಥೇನ್ ಹೊರತೆಗೆಯಬೇಕು, ಮೇಲೆ ಮಣ್ಣು ಮುಚ್ಚಬೇಕು. ತುಂಬಿ ಬಾಗಿಲು ಹಾಕಿದ ಮೇಲೂ ಕಾಯಬೇಕು: ನಮ್ಮ 2016ರ ನಿಯಮದಲ್ಲಿ ಕನಿಷ್ಠ 15 ವರ್ಷ ಎಂದಿತ್ತು, ಅಮೆರಿಕದಲ್ಲಿ ಸಾಮಾನ್ಯವಾಗಿ 30 ವರ್ಷ.

ಅಮೆರಿಕದ ಕೌಂಟಿಗಳಲ್ಲಿ ಕಸದ ಲಾರಿಯನ್ನು ತೂಕದ ಸೇತುವೆಗೆ ಹತ್ತಿಸಿ ಟನ್‌ಗೆ ಇಷ್ಟು ಎಂದು ಶುಲ್ಕ ಪಡೆಯುವ ರೂಢಿ ಇದೆ. ಮುಂದೆ ಮುಚ್ಚುವ ಖರ್ಚಿಗೆ ಹಣದ ಖಾತರಿಯನ್ನು ಮೊದಲೇ ತೋರಿಸಬೇಕು. ಅಂದರೆ ಇವತ್ತು ಎಸೆಯುವವನೇ ನಾಳೆಯದಕ್ಕೂ ಕೊಡುತ್ತಾನೆ. ದೇವನಾರ್‌ಗೆ ಹಾಗೆ ಯಾರೂ ಕೊಡಲಿಲ್ಲ. ಅಲ್ಲಿಯ 185 ಲಕ್ಷ ಟನ್ ಹಳೆ ಕಸ ತೆಗೆಯಲು 2025ರಲ್ಲಿ ಪಾಲಿಕೆ ಸುಮಾರು 2,368 ಕೋಟಿ ರೂಪಾಯಿಯ ಟೆಂಡರ್ ಕರೆಯಿತು. ಅಜ್ಜಂದಿರ ಕಾಲದ ಬಾಕಿ ಮೊಮ್ಮಕ್ಕಳ ತಲೆ ಮೇಲೆ!

ಹಾಗಾಗಿ ಶುಲ್ಕ ಬೇಡ ಅಂತ ನಾನು ಹೇಳಲಾರೆ. ನನ್ನ ತಕರಾರು ಅಳತೆಯ ಬಗ್ಗೆ. 49 ಮೀಟರ್ ಮನೆಗೆ 100, 51 ಮೀಟರ್‌ಗೆ 500. ಅದೇ 500 ರೂಪಾಯಿ 290 ಮೀಟರ್ ಫ್ಲ್ಯಾಟಿಗೂ! ಇತ್ತ 10 ಅಡಿಗೆ 10 ಅಡಿಯ ಗೋವಂಡಿ ಖೋಲಿಗೂ, ಅದರ ಐದು ಪಟ್ಟು ಇರುವ ಫ್ಲ್ಯಾಟಿಗೂ ಒಂದೇ 100. ಬೆಂಗಳೂರು ಅದೇ ಏಪ್ರಿಲ್‌ನಲ್ಲಿ 10 ರೂಪಾಯಿಯಿಂದ 400ರವರೆಗೆ ಮೆಟ್ಟಿಲು ಮಾಡಿತು, ಸ್ವಲ್ಪ ವಾಸಿ. ಆದರೂ ಅಳೆದದ್ದು ಮನೆಯನ್ನು, ಕಸವನ್ನಲ್ಲ.

ದಕ್ಷಿಣ ಕೊರಿಯಾ 1995ರಿಂದ ಕಸವನ್ನೇ ಅಳೆಯುತ್ತದೆ. ನಿಗದಿತ ಚೀಲ ಕೊಂಡು ಅದರಲ್ಲೇ ಹಾಕಬೇಕು. ಬೇರ್ಪಡಿಸಿದ ಕಾಗದ, ಬಾಟಲಿಗೆ ದುಡ್ಡಿಲ್ಲ. ಆದರೆ ಎಂಟು ಜನರಿರುವ ಖೋಲಿಯವರಿಗೆ ಚೀಲಕ್ಕೂ ದುಡ್ಡು ಅಂದರೆ ರಾತ್ರಿ ಅದು ನಾಲೆಗೇ ಬೀಳುತ್ತದೆ, ಇದನ್ನೂ ಒಪ್ಪಿಕೊಳ್ಳೋಣ.

ನಮಗೆ ಗೊತ್ತಿರುವ ಒಂದು ಲೆಕ್ಕ ಇಲ್ಲಿ ನೆನಪಾಗುತ್ತದೆ. ಝಕಾತ್‌ಗೆ ನಿಸಾಬ್ ಇದೆ, ಅದಕ್ಕಿಂತ ಕೆಳಗಿದ್ದವರಿಂದ ಕೇಳುವುದಿಲ್ಲ. ಬೆಳೆಯ ಮೇಲಿನ ಉಶ್ರ್‌ನಲ್ಲಿ ಮಳೆನೀರಿನ ಬೆಳೆಗೆ ಹತ್ತನೇ ಒಂದು ಪಾಲು, ದುಡಿದು ನೀರು ಹಾಯಿಸಿದವನಿಗೆ ಅದರ ಅರ್ಧ. ಕಸಕ್ಕೂ ಹೀಗೆ ಯೋಚಿಸಬಹುದಲ್ವಾ? ಸಣ್ಣ ಖೋಲಿಗೆ ಮಾಫಿ. ಹಸಿ-ಒಣ ಬೇರ್ಪಡಿಸಿ ಗೊಬ್ಬರ ಮಾಡುವ ಸೊಸೈಟಿಗೆ ಅರ್ಧ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಹೋಟೆಲು, ಮಾಲು, ಮದುವೆ ಹಾಲುಗಳನ್ನು ನಿಯಮವೇ ಬೇರೆಯಾಗಿ ಗುರುತಿಸಿದೆ. ಅವರದ್ದನ್ನು ತಕ್ಕಡಿಗೇ ಹಾಕಲಿ. ನಮ್ಮ ವಲೀಮಾದಲ್ಲಿ ಉಳಿದು ಹೋಗುವ ಬಿರಿಯಾನಿಯೂ ಆ ತೂಕದಲ್ಲಿ ಬರುತ್ತದೆ, ಮರೀಬೇಡಿ.

ಇನ್ನು ಆ ಗುಡ್ಡದಲ್ಲಿ ಪ್ಲಾಸ್ಟಿಕ್, ತಗಡು ಆಯುವ ಹೆಂಗಸರು, ಹುಡುಗರು. ಅವರು ಎತ್ತಿದಷ್ಟು ತೂಕವನ್ನು ಪಾಲಿಕೆ ಹೂಳಬೇಕಿಲ್ಲ, ಆ ಉಳಿತಾಯದಲ್ಲಿ ಅವರಿಗೂ ಪಾಲು ಇರಬೇಕು. ನೂರು ವರ್ಷ ಹೊಗೆ ಕುಡಿದ ವಾರ್ಡಿಗೆ ಶುಲ್ಕದ ಒಂದು ಭಾಗ ಆಸ್ಪತ್ರೆಯಾಗಿ ಹೋಗಬೇಕು.

ಮುಂದೆ ನಿಮ್ಮ ಊರಲ್ಲಿ ಇಂಥ ಕರಡು ಬಂದಾಗ ಆಕ್ಷೇಪದ ಅರ್ಜಿಯಲ್ಲಿ ದರದ ಜೊತೆ ಇನ್ನೊಂದನ್ನೂ ಬರೆಯಿರಿ: ಈ ಹಣ ಯಾವ ಖಾತೆಗೆ ಬೀಳುತ್ತದೆ, ಗುಡ್ಡ ಮುಚ್ಚಲು ಅದರಲ್ಲಿ ಎಷ್ಟು ತೆಗೆದಿಡುತ್ತೀರಿ?