ಹಾರಿದ ತೋಟಾವನ್ನು ಮತ್ತೆ ತುಂಬಬಹುದೆ?

"ಪಿಸ್ತೂಲಿನ ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಲು ಏನೇನು ಬೇಕು?" ಬೋಗಾದಿಯ ವೀಕ್ಷಕರೊಬ್ಬರ ಪ್ರಶ್ನೆಯಿದು.

ತೋಟಾಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಪೆಟ್ಟು ಬಿದ್ದೊಡನೆ ಪ್ರೈಮರ್ ಕಿಡಿ ಕಾರಿ ಮದ್ದನ್ನು ಹೊತ್ತಿಸುತ್ತದೆ. ಅನಿಲದ ಒತ್ತಡ ಗುಂಡನ್ನು ದೂಡುತ್ತದೆ. ಮರುಬಳಕೆಗೆ ಉಳಿಯುವುದು ಕೋಶವೊಂದೇ. ಮದ್ದಿನ ಅಳತೆ ತಪ್ಪಿದರೆ ಪಿಸ್ತೂಲು ಕೈಯಲ್ಲೇ ಸಿಡಿದೀತು.

ಅಮೆರಿಕದಲ್ಲಿ ಇದು ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 7 ವರ್ಷ ಸೆರೆ. ಕೊಡವರಿಗಿರುವ ವಿನಾಯಿತಿ ಕೋವಿ ಹೊಂದುವುದಕ್ಕೆ, ತೋಟಾ ತಯಾರಿಕೆಗಲ್ಲ.

ಆದ್ದರಿಂದ ಪರವಾನಗಿದಾರರು ಅಧಿಕೃತ ಮಳಿಗೆಯಲ್ಲೇ ತೋಟಾ ಕೊಳ್ಳುವುದು ಕ್ಷೇಮ.